ಚಾಳೀಸು

ಮದರಸಾದ ಮಿನಾರದ ಮ್ಯಾಲ
ಉದುರದೆ ಉಳಿದ ನೀಲಿ ಹಂಚಿನ ಅಕ್ಷರ
ರಸ್ತೆ ಈ ಕಡೆ ನಿಂತು ಈಗಲೂ ಕಾಣತಾವ.
ಕೈಯಾಗಿನ ಕಾಗದ ಮಾತ್ರ
ದಿನಾ ಒಂದು ಬೆರಳು ದೂರ ಹೋಗತದ.

ಮೊದಲು ಬಲ್ಬಿಗೆ ಬೈದೆ.
ಆಮ್ಯಾಲ ಝೆರಾಕ್ಸ್ ಅಂಗಡಿ ಹುಡುಗನಿಗೆ,
ಮಸಿ ಉಳಿಸ್ತೀಯೇನಲೇ ಅಂತ.
ಆಮ್ಯಾಲ ನಿಜಾಮನ ಕಾಲದ ಯಾವನೋ ಕಾರಕೂನನಿಗೆ,
ಇರುವಿ ಹರಿದಂಗ ಬರದು ಸತ್ತಾನ ಅಂತ.
ಕೈ ಸಾಲದಾದಾಗ
ಕುರ್ಚಿ ಹಿಂದಕ್ಕ ಸರಿಸಿದೆ. ಗ್ವಾಡಿ ಬಂತು.

ನನ್ನ ಕಸುಬು ಇಷ್ಟ:
ತಹಸೀಲಿ ಕಚೇರಿಯ ಬೇವಿನ ಬುಡಕ್ಕ ಒಂದು ಮೇಜು,
ಹಳೆ ಪಹಣಿಯ ಉರ್ದು ಈ ಕಡೆ,
ಕನ್ನಡ ಆ ಕಡೆ, ನಡುವ ನಾನು.
ಮುನೀರ್ ಮಾಸ್ತರು ಬೆತ್ತ ಹಿಡಿದು ಕಲಿಸಿದ್ದರು:
"ವೈಜಿನಾಥ, ಇಲ್ಲಿ ಚುಕ್ಕಿ ಬಿಟ್ಟರ
ಅಲ್ಲಿ ಬದು ಬಿದ್ದಂಗ.
ಎರಡಕ್ಕ ಒಂದು ಹಲ್ಲು, ಮೂರಕ್ಕ ಎರಡು.
ಎಣಿಸಿ ಬರಿ."

ಚಾಳೀಸ್ ಅಂದರ ನಲವತ್ತು.
ಆ ವಯಸ್ಸಿಗೆ ಬರೋದಂತ
ನಮ್ಮ ಕಡೆ ಕನ್ನಡಕಕ್ಕೂ ಅದೇ ಹೆಸರು.
ಶಬ್ದದ ಅರ್ಥ ಹೇಳಿ ಹೊಟ್ಟಿ ಹೊರಕೊಳ್ಳುವವ
ಈ ಒಂದು ಶಬ್ದ
ಹನ್ನೆರಡು ವರ್ಷ ತಡ ಮಾಡಿ ಓದಿದೆ.

ಚೌಬಾರಾದ ಹತ್ತಿರ ಗೇಣಗಲದ ಅಂಗಡಿ.
ನುಝತ್ ಅಂತ ಹುಡುಗಿ, ನನ್ನ ಮಗಳಿಗಿಂತ ಎಳಕಿ,
ಮೂಗಿನ ಮ್ಯಾಲ ಕಬ್ಬಿಣದ ಚೌಕಟ್ಟು ಇಟ್ಟು
ಗಾಜು ಬದಲಿಸ್ತ ಬದಲಿಸ್ತ ಕೇಳಿದಳು:
"ಇದು ಚಲೋನೋ, ಇದೋ?"
"ಇದು."
"ಈಗ?"
"ಮೊದಲಿಂದೇ... ಇಲ್ಲ, ತಡಿ, ಇದು."
ತಪ್ಪು ಉತ್ತರ ಕೊಟ್ಟೆನೇನೋ ಅಂತ
ಮೂರನೇ ಇಯತ್ತೆಯ ಬೆವರು ಬಂತು.

ಕರೀ ದಪ್ಪಂದು ಹಾಕಿದರ ರಿಟೈರಾದ ಫೌಜದಾರ.
ಬಂಗಾರ ಬಣ್ಣದ್ದು ಒತ್ತಿ ಅಂಗಡಿ ಸೇಠಂದು.
ದುಂಡಂದು ಹಾಕಿ ಕನ್ನಡಿ ನೋಡುವಷ್ಟರಾಗ
ಪ್ರಭಾವತಿ ಆ ಕಡೆ ಮಾರಿ ತಿರುವಿ
ಸೆರಗು ಬಾಯಿಗೆ ಒತ್ತಿದಳು.
"ಇವರಿಗೆ ಮೂಗೇ ಸಾಲದು, ಬೇಟಿ."
ಕಂದು ಬಣ್ಣದ್ದೊಂದು ಉಳೀತು.
ಅದರಾಗ ನಾನು ಯಾರಂಗೂ ಕಾಣಲಿಲ್ಲ.
ಅದನ್ನ ತಗೊಂಡೆ.

"ಗೆರೆ ಇದ್ದದ್ದು ಬೇಕೋ, ಗೆರೆ ಕಾಣದ್ದೋ?
ಕಾಣದ್ದಾದರ ವಯಸ್ಸು ಗೊತ್ತಾಗಂಗಿಲ್ಲ ಅಂಕಲ್,
ರೊಕ್ಕ ಮಾತ್ರ ಜಾಸ್ತಿ."
ಮೂವತ್ತು ವರ್ಷ ಬದುವಿನ ಜಗಳ ಓದಿದವ ನಾನು.
"ಗೆರೆ ಕಾಣಲಿ," ಅಂದೆ.

ಮನಿಗೆ ಬಂದು ಕೆಳಗಿನ ಅರ್ಧದಾಗ ನೋಡಿದರ
ಹಾರಿಹೋದ ಚುಕ್ಕಿ ಎಲ್ಲಾ ತಿರುಗಿ ಬಂದು
ಜೋಳದ ತೆನಿ ಮ್ಯಾಲ ಗುಬ್ಬಿ ಕೂತಂಗ ಕೂತಿದ್ದವು.
ಅದೇ ಖುಷಿಗೆ ಹಳೆ ಕಟ್ಟು ಬಿಚ್ಚಿದೆ.
ಹೋದ ವರ್ಷದ್ದು, ಜನವಾಡದ ಕಾಶೆಮ್ಮಂದು.
ಎಡಕ್ಕ ಮೂಲದ ಪ್ರತಿ: ಮೂರು ಎಕರೆ.
ಎರಡು ಹಲ್ಲು, ಸ್ವಚ್ಛ.
ಬಲಕ್ಕ ನನ್ನ ಅಕ್ಷರ, ನನ್ನ ಸಹಿ, ನನ್ನ ಶಿಕ್ಕಾ:
ಎರಡು.

"ನಮ್ಮ ಮಾವ ಮೂರಂತಿದ್ದ, ಸಾಹೇಬ್ರ,"
ಅಂದಿದ್ದಳು ಆಕಿ.
ನಾನು ಪೂರಾ ಕೈ ಚಾಚಿ ಕಾಗದ ಹಿಡಿದು
ಹೇಳಿದ್ದೆ, "ಕಾಗದ ಸುಳ್ಳಾಡಂಗಿಲ್ಲವ್ವ."
ಆಕಿಯ ಮೈದುನ ನನಗ ಚಾ ಕುಡಿಸಿದ್ದ.
ಸಕ್ಕರಿ ಜಾಸ್ತಿ ಇತ್ತು.

ಕನ್ನಡಕ ತಗದೆ. ಮೂರು ಎರಡಾಯಿತು.
ಹಾಕಿದೆ. ಎರಡು ಮೂರಾಯಿತು.
"ದೀಪ ಆರಿಸ್ರಿ," ಅಂದಳು ಪ್ರಭಾವತಿ.
ಆರಿಸಿದೆ. ಕತ್ತಲಾಗೂ ಆ ಹಲ್ಲು ಎರಡೇ ಇದ್ದವು.

ಮುಂಜಾನಿ ಏಳರ ಬಸ್ಸು.
ಪಾವಟಿಗಿ ಗೆರೆಯ ಕೆಳಗ ಬಂದು ತೇಲಿತು,
ಕಾಲು ಗಾಳಿ ಮೆಟ್ಟಿತು.
ಕಂಡಕ್ಟರ್ ರಟ್ಟಿ ಹಿಡಿದು ಎಳಕೊಂಡ:
"ಹೊಸದೇನ್ರಿ ಚಾಳೀಸು?"
"ಹೂಂ. ಜನವಾಡ, ಒಂದು."

ಸೀಟಿನಾಗ ಕೂತು ಟಿಕೀಟಿನ ಸಣ್ಣಕ್ಷರ ಎಲ್ಲಾ ಓದಿದೆ,
ಹಿಂದಿನದೂ ಮುಂದಿನದೂ.
ಆಕಿಗೆ ಏನಂತ ಹೇಳೋದು,
ಅದು ಎಲ್ಲೂ ಬರದಿರಲಿಲ್ಲ.